ತಾಮ್ರ ತೆಗೆದ ನಳಿಗೆ, ಗುಡ್ಡದ ಬಾವಿಯ ನೀರು

೧೯೩೫ನೆಯ ಇಸವಿಯಲ್ಲಿ ನಾನು ಕಾರವಾರದ ಬಂದರಿಗೆ ಹೋಗುವ ರಸ್ತೆಯಲ್ಲಿದ್ದ ಒಂದು ಬಂದೂಕು ರಿಪೇರಿ ಅಂಗಡಿಯಲ್ಲಿ ಎರಡನೆಯ ಕೆಲಸಗಾರನಾಗಿದ್ದೆ. ಮೊದಲನೆಯವರು ಅಂಗಡಿಯ ಯಜಮಾನರಾದ ಇನಾಸ್ ಮೇಸ್ತ್ರಿ. ಮೂರನೆಯವರು ಯಾರೂ ಇರಲಿಲ್ಲ. ನನಗಾಗ ಇಪ್ಪತ್ತಾರು ವರ್ಷ. ನಾನು ಚಿತ್ತಾಕುಲದ ಕಮ್ಮಾರರ ಮನೆಯವ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಮುಗಿಸಿ ಎರಡು ವರ್ಷ ಇಂಗ್ಲಿಷ್ ಶಾಲೆಗೂ ಹೋಗಿದ್ದೆನಾದ್ದರಿಂದ, ಬಂದೂಕಿನ ಪೆಟ್ಟಿಗೆಗಳ ಜೊತೆ ಬರುತ್ತಿದ್ದ ಇಂಗ್ಲಿಷ್ ಪುಸ್ತಕಗಳನ್ನು ಬೆರಳಿಟ್ಟು ಓದಿ ಅರ್ಥಮಾಡಿಕೊಳ್ಳಬಲ್ಲವನಾಗಿದ್ದೆ. ಆ ರಸ್ತೆಯಲ್ಲಿ ಇದು ಸಣ್ಣ ವಿದ್ಯೆಯಾಗಿರಲಿಲ್ಲ. ನನಗೂ ಅದು ಸಣ್ಣದೆಂದು ಅನಿಸುತ್ತಿರಲಿಲ್ಲ.

ಅಂಗಡಿಯ ಹಿಂದೆ ಒಂದು ಅಂಗಳ, ಅಂಗಳದಲ್ಲಿ ಒಂದು ಬಾವಿ, ಬಾವಿಯ ಆಚೆ ನಾನೂ ನನ್ನ ಹೆಂಡತಿ ಸುಭದ್ರೆಯೂ ಇದ್ದ ಒಂದೂವರೆ ಕೋಣೆಯ ಮನೆ. ಸುಭದ್ರೆ ಅಮದಳ್ಳಿಯವಳು. ಅವಳು ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ. ನಾನು ಕೆಲಸ ಬಿಟ್ಟು ಬಹಳ ಕಾಲವಾಯಿತು. ಕೈಯಿಂದ ಹಾದುಹೋದ ಬಂದೂಕುಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಒಂದು ಮಾತ್ರ ಮರೆಯದು. ಅದರ ಸಂಗತಿಯನ್ನು ಇದ್ದ ಹಾಗೆಯೇ ಬರೆದಿಡಬೇಕೆಂದು ಕುಳಿತಿದ್ದೇನೆ.

ಅದೊಂದು ೩೧೫ ಬೋರಿನ ರೈಫಲ್. ಅಂಕೋಲೆಯ ದಾರಿಯಲ್ಲಿ ಅವರ್ಸೆಯಿಂದ ಎರಡು ಮೈಲು ಒಳಗಿದ್ದ ಬೀರಣ್ಣ ನಾಯಕರೆಂಬ ಜಮೀನುದಾರರದು. ಲೈಸೆನ್ಸು ಅವರ ಹೆಸರಿನಲ್ಲಿತ್ತು, ಆದರೆ ಗುಂಡು ಹಾರಿಸುತ್ತಿದ್ದವನು ಅವರ ಗೇಣಿಯ ಒಕ್ಕಲು ತಿಮ್ಮ ಗೌಡ. ಲೈಸೆನ್ಸಿನ ಹಿಂಬದಿಯಲ್ಲಿ ಅವನ ಹೆಸರನ್ನೂ ಬರೆಸಿದ್ದರು. ಭತ್ತ ತೆನೆಬಿಡುವ ಹೊತ್ತಿಗೆ ಕಾಡುಹಂದಿಗಳು ಗುಡ್ಡದಿಂದ ಇಳಿಯುತ್ತವೆ. ಅವುಗಳಿಂದ ಬಯಲನ್ನು ಕಾಯುವುದು ತಿಮ್ಮನ ಕೆಲಸ. ಅದಕ್ಕೆ ಪ್ರತಿಯಾಗಿ ಮನೆಯ ಹತ್ತಿರದ ಒಂದು ಒಳ್ಳೆಯ ಗದ್ದೆಯನ್ನು ಗೇಣಿಯಿಲ್ಲದೆ ಉಣ್ಣಲು ಬಿಟ್ಟಿದ್ದರು. ಅವನ ಅಪ್ಪನ ಕಾಲದಿಂದಲೂ ಹಾಗೆಯೇ ನಡೆದುಬಂದಿತ್ತು. ಬಂದೂಕು ಕೈಯಲ್ಲಿದ್ದಷ್ಟು ದಿನ ಗದ್ದೆ.

ಆ ವರ್ಷ ಮೇ ತಿಂಗಳಲ್ಲಿ ನಾಯಕರು ರೈಫಲ್ ತಂದರು. ತಿಮ್ಮನೂ ಬಂದಿದ್ದ. ನಲವತ್ತರ ಆಸುಪಾಸಿನ, ಎಲುಬು ಗಟ್ಟಿಯಿದ್ದ ಮನುಷ್ಯ. ಒಳಗೆ ಬರದೆ ಮೆಟ್ಟಿಲ ಮೇಲೆಯೇ ಕುಳಿತ.

"ಮೊದಲು ಗುರಿ ಇಟ್ಟಲ್ಲಿ ಬೀಳ್ತಿತ್ತು," ಎಂದ. "ಈಗ ಒಂದು ಗೇಣು ಅತ್ಲಾಗೆ ಇತ್ಲಾಗೆ ಹೋಗ್ತದೆ. ಒಂದು ಗೇಣು ಅಂದ್ರೆ ಹಂದಿಗೆ ಬಾಳ ಆಯ್ತು, ಮೇಸ್ತ್ರಿ. ಅದು ಬದುಕ್ಕಂತದೆ, ನಾ ಸಾಯ್ತೆ."

ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಕಾರಣ ಅಲ್ಲೇ ಕಾಣುತ್ತಿತ್ತು. ರೈಫಲ್ಲಿನ ಗುಂಡು ಒಳಗೆ ಸೀಸವಾದರೂ ಅದರ ಮೇಲೆ ತಾಮ್ರ ಬೆರೆತ ಲೋಹದ ತೆಳು ಹೊದಿಕೆ ಇರುತ್ತದೆ. ನಳಿಗೆಯ ಒಳಗೋಡೆಯಲ್ಲಿ ತಿರುಪಿನಂತೆ ಕೊರೆದ ಗೆರೆಗಳಿದ್ದು, ಗುಂಡು ಅವುಗಳಿಗೆ ಉಜ್ಜಿಕೊಂಡು ಸುತ್ತುತ್ತ ಹೊರಬರುತ್ತದೆ. ಪ್ರತಿ ಸಲ ಉಜ್ಜಿದಾಗಲೂ ಹೊದಿಕೆಯ ಚೂರು ಲೋಹ ಗೋಡೆಗೆ ಅಂಟಿಕೊಳ್ಳುತ್ತದೆ. ಹಲವು ವರ್ಷಗಳಲ್ಲಿ ಅದು ಗಂಟುಗಂಟಾಗಿ ಕಟ್ಟಿ ಗುಂಡಿನ ದಾರಿಯನ್ನು ಕೆಡಿಸುತ್ತದೆ. ಇದಕ್ಕೆ ನಾವು ತಾಮ್ರ ಹಿಡಿಯುವುದು ಎನ್ನುತ್ತಿದ್ದೆವು. ಎಣ್ಣೆ ಬಟ್ಟೆಗೆ ಅದು ಬಗ್ಗುವುದಿಲ್ಲ.

ಇನಾಸ್ ಮೇಸ್ತ್ರಿಯವರ ಪದ್ಧತಿ ಹಳೆಯದು. ನಳಿಗೆಯ ಅಳತೆಗೆ ಸೀಸದ ಒಂದು ತುಂಡನ್ನು ಎರಕಹೊಯ್ದು, ಅದಕ್ಕೆ ಲೋಹ ಉಜ್ಜುವ ನುಣ್ಣನೆಯ ಪೇಸ್ಟ್ ಸವರಿ, ಸರಳಿಗೆ ಸಿಕ್ಕಿಸಿ, ಎರಡು ದಿನ ಹಿಂದೆ ಮುಂದೆ ಎಳೆಯುವುದು. ನಾನು ಪುಸ್ತಕದಲ್ಲಿ ಬೇರೊಂದು ಪದ್ಧತಿ ಓದಿದ್ದೆ. ಅಮೋನಿಯಾ ದ್ರಾವಣ ತಯಾರಿಸಿ ನಳಿಗೆಯಲ್ಲಿ ತುಂಬಿಸಿಟ್ಟರೆ ಅದು ಉಕ್ಕನ್ನು ಮುಟ್ಟದೆ ತಾಮ್ರವನ್ನಷ್ಟೇ ಕರಗಿಸಿಕೊಂಡು ಬರುತ್ತದೆ. ಬೇಕಾದ ಔಷಧಿಗಳನ್ನು ಹುಬ್ಬಳ್ಳಿಯಿಂದ ತರಿಸಿ ಮೂರು ತಿಂಗಳಿಂದ ಇಟ್ಟುಕೊಂಡಿದ್ದೆ. ಇಂಥದೊಂದು ನಳಿಗೆಗಾಗಿ ಕಾಯುತ್ತಿದ್ದೆ.

"ನೀರಿನ ಔಷಧಿಯಾ?" ಎಂದರು ಮೇಸ್ತ್ರಿ. "ಮಾಡು. ಆದ್ರೆ ತೊಳೆದ ಮೇಲೆ ಮೂರು ದಿನ ಇಲ್ಲೇ ಇರ್ಲಿ. ದಿನಾ ಒಂದ್ಸಲ ಒಳಗೆ ನೋಡೂದು. ನಳಿಗೆ ಬೆವರ್ತದೆ."

ನಳಿಗೆ ಬೆವರುವುದೆಂದರೆ, ತೊಳೆದು ಒರೆಸಿ ಎಣ್ಣೆ ಹಾಕಿದ ಮೇಲೂ ಒಳಗೆ ಉಳಿದ ಲವಣ ಗಾಳಿಯ ತೇವವನ್ನು ಎಳೆದುಕೊಂಡು ಎಣ್ಣೆಯ ಅಡಿಯಲ್ಲೇ ತುಕ್ಕು ಹಿಡಿಸುವುದು. ಮೂರು ದಿನ ನೋಡಿದರೆ ಅದು ತಿಳಿಯುತ್ತದೆ.

ಆ ಬೆಳಿಗ್ಗೆಯೇ ಕೆಲಸ ಶುರುಮಾಡಿದೆ. ನಳಿಗೆಯ ಹಿಂಬದಿಗೆ ರಬ್ಬರಿನ ಬಿರಡೆ ಬಡಿದು, ಬಾಯಿಗೆ ಮೂರು ಇಂಚಿನ ರಬ್ಬರ್ ಕೊಳವೆ ಏರಿಸಿದೆ. ದ್ರಾವಣ ಕೊಳವೆಯವರೆಗೂ ನಿಲ್ಲಬೇಕು. ನಳಿಗೆಯ ಅಂಚಿನಲ್ಲಿ ಒಂದು ಗೆರೆ ಒಣಗಿದರೂ ಒಣಗಿದ ದ್ರಾವಣ ಅಲ್ಲಿ ಉಕ್ಕನ್ನು ಕೊರೆಯುತ್ತದೆ. ಗಡಿಯಾರ ಇಟ್ಟುಕೊಂಡು ಇಪ್ಪತ್ತು ನಿಮಿಷ ಕಾದೆ. ಅಮೋನಿಯಾದ ಘಾಟಿಗೆ ಮೇಸ್ತ್ರಿಯವರು ಎದ್ದು ರಸ್ತೆಗೆ ಹೋದರು. ಸುರಿದಾಗ ಬಟ್ಟೆಗೆ ಹಾಕುವ ನೀಲಿ ಗುಳಿಗೆ ಕದಡಿದಂಥ ನೀರು ಬಂತು. ಆ ನೀಲಿಯೇ ತಾಮ್ರ. ಎರಡನೆಯ ಸಲ ತುಂಬಿಸಿದಾಗ ತೆಳುನೀಲಿ. ಮೂರನೆಯ ಸಲ ಹಾಕಿದ್ದು ಹಾಕಿದ ಬಣ್ಣದಲ್ಲೇ ಬಂತು. ನಾಯಕರೂ ತಿಮ್ಮನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಿಮ್ಮ, "ಇಷ್ಟು ನೀಲಿ ಒಳಗಿತ್ತಾ!" ಎಂದ. ಅವನ ಬೆರಗನ್ನು ಕಂಡು ನನಗಾದ ಸಂತೋಷ ಇನ್ನೂ ನೆನಪಿದೆ. ಅದು ನೆನಪಿರುವುದೇ ಈಗ ನಾಚಿಕೆ.

ಉಳಿದದ್ದು ತೊಳೆಯುವುದು. ದ್ರಾವಣದ ಒಂದು ಹನಿಯೂ ಉಳಿಯಬಾರದು. ಅದಕ್ಕಾಗಿ ಕುದಿಯುವ ನೀರನ್ನು ನಳಿಗೆಯ ಮೂಲಕ ಹಾಯಿಸಬೇಕು ಎಂದು ಪುಸ್ತಕ ಹೇಳಿತ್ತು. ಯಾವ ನೀರು ಎಂದು ಹೇಳಿರಲಿಲ್ಲ. ಬರೆದವನ ಊರಿನಲ್ಲಿ ಅದನ್ನು ಹೇಳಬೇಕಾದ ಅಗತ್ಯ ಇದ್ದಿರಲಿಕ್ಕಿಲ್ಲ.

ನಮ್ಮ ಕಡೆ ಸಮುದ್ರದ ಬದಿಯ ಮನೆಗಳಲ್ಲಿ ಬೇಸಿಗೆಯ ನೀರು ಎರಡು ಬಗೆಯದು. ಅಂಗಳದ ಬಾವಿ ಚೈತ್ರ ಕಳೆಯುವಷ್ಟರಲ್ಲಿ ಉಪ್ಪಾಗುತ್ತದೆ. ಕುಡಿಯಲು, ಅನ್ನ ಬೇಯಿಸಲು ಗುಡ್ಡದ ಬುಡದ ಬಾವಿಯಿಂದ ಹೆಂಗಸರು ಸಿಹಿನೀರು ಹೊತ್ತು ತರುತ್ತಾರೆ. ಮೈ, ಪಾತ್ರೆ, ಬಟ್ಟೆ, ನೆಲ, ಏನೇ ತೊಳೆಯುವುದಿದ್ದರೂ ಉಪ್ಪುನೀರು. ತೊಳೆಯುವುದಕ್ಕೆ ಸಿಹಿನೀರು ಮುಟ್ಟಿದರೆ ಹುಟ್ಟಿದ ಮನೆಯಲ್ಲಿ ನಮಗೆ ಬೈಗುಳ ಬೀಳುತ್ತಿತ್ತು. ಅದು ನಮ್ಮ ಕೈಗೇ ಅಂಟಿದ ಅಭ್ಯಾಸ. ನಾನು ಬಾವಿಯಿಂದ ಸೇದಿ ಹಂಡೆಗೆ ಹಾಕಿ ಒಲೆ ಹೊತ್ತಿಸಿದೆ.

ಸುಭದ್ರೆ ಆಗಷ್ಟೇ ಗುಡ್ಡದ ಬಾವಿಯಿಂದ ಎರಡನೆಯ ಕೊಡ ತಂದು ಇಳಿಸಿದ್ದಳು.

"ಅದ್ರಲ್ಲಿ ತೊಳೀತ್ರ್ಯಾ?" ಎಂದಳು. "ಇಲ್ಲಿ ಎರಡು ಕೊಡ ಅದೆ, ತಕಳಿ. ನಾ ಸಂಜೆ ಮತ್ತೆ ತತ್ತೆ."

"ಬಂದೂಕು ನೀರು ಕುಡೀತದ್ಯಾ? ತೊಳೂಕೆ ತಾನೆ."

"ತೊಳೂಕೇ ಹೇಳಿದ್ದು. ಹಂಡೆ ಒಳಗೆ ನೋಡಿ. ಬೆಳ್ಳಗೆ ಪದರು ಕಟ್ಟಿದ್ದು ಎಂತದು ಅಂತ ತಿಳ್ದ್ರಿ? ನಾ ವಾರಕ್ಕೊಮ್ಮೆ ತಿಕ್ಕಿ ತೆಗೀತೆ."

ನಾಯಕರು ಕೇಳಿಸಿಕೊಂಡು ನಕ್ಕರು. ಗಿರಾಕಿಯ ಮುಂದೆ ಹೆಂಡತಿ ನನ್ನ ಕೆಲಸ ತಿದ್ದುತ್ತಿದ್ದಾಳೆಂದು ನನಗೆ ಕಿವಿ ಬಿಸಿಯಾಯಿತು.

"ಹಂಡೆಗೂ ರೈಫಲ್ಲಿಗೂ ವ್ಯತ್ಯಾಸ ಗೊತ್ತಿಲ್ದೆ ಮಾತಾಡಬೇಡ," ಎಂದೆ. "ಒಳಗೆ ಹೋಗು."

ಅವಳು ಎರಡೂ ಕೊಡಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಉಪ್ಪುನೀರನ್ನು ಕುದಿಸಿ, ಕೊಳವೆ ಇಟ್ಟು, ಮೂರು ಸಲ ಹಾಯಿಸಿದೆ. ಕಾದ ಉಕ್ಕು ತಾನಾಗಿಯೇ ಒಣಗಿತು. ನೀರು ಆರಿತು, ಅದರಲ್ಲಿದ್ದ ಉಪ್ಪು ಉಳಿಯಿತು. ಅದರ ಮೇಲೆ ಚೆನ್ನಾಗಿ ಎಣ್ಣೆ ಸವರಿದೆ. ನಳಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ನಾಯಕರು ಸಂಜೆಯ ಬಸ್ಸಿಗೆ ಮರಳಬೇಕಿತ್ತು. ಮೇಸ್ತ್ರಿಯವರು ಸದಾಶಿವಗಡಕ್ಕೆ ಹೋಗಿದ್ದರು. ಮೂರು ದಿನದ ಮಾತು ನನಗೆ ಮರೆತಿರಲಿಲ್ಲ. ಹಳೆಯ ಪದ್ಧತಿಯ ಹಳೆಯ ನಿಯಮ ಅದು ಎಂದುಕೊಂಡು ರೈಫಲ್ ಕೊಟ್ಟುಬಿಟ್ಟೆ. ಮರುದಿನ ತಿಮ್ಮ ಮರದ ಮೇಲೆ ಗುರಿಯಿಟ್ಟು ನೋಡಿ, ಮೂರು ಗುಂಡು ಒಂದು ಅಂಗೈಯಗಲದಲ್ಲಿ ಬಿತ್ತೆಂದು ಹೇಳಿಕಳಿಸಿದ. ಆಮೇಲೆ ಮಳೆಗಾಲ. ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟರು. ಆ ನಾಲ್ಕು ತಿಂಗಳು ಉಪ್ಪು ತನ್ನ ಕೆಲಸ ಮಾಡಿತು.

ಅಕ್ಟೋಬರಿನಲ್ಲಿ ಇಬ್ಬರೂ ಮತ್ತೆ ಬಂದರು. ನಾಯಕರು ರೈಫಲ್ಲನ್ನು ಮೇಜಿನ ಮೇಲೆ ಇಟ್ಟ ಸದ್ದಿನಲ್ಲೇ ಸಂಗತಿ ಒಳ್ಳೆಯದಲ್ಲವೆಂದು ಗೊತ್ತಾಯಿತು. ಮೂರು ಬೆಳಗು ಮೂರು ಹಂದಿಗೆ ಗುರಿಯಿಟ್ಟು ತಿಮ್ಮ ಮೂರನ್ನೂ ತಪ್ಪಿಸಿದ್ದ. ಮೂರನೆಯ ಗುಂಡು ಗದ್ದೆಯಂಚಿನಲ್ಲಿ ಮೇಯುತ್ತಿದ್ದ ಪಕ್ಕದ ಮನೆಯ ಎಮ್ಮೆಗೆ ಬಡಿದು ಎಮ್ಮೆ ಸತ್ತಿತ್ತು.

"ಊರೆಲ್ಲ ಇವ್ನಿಗೆ ಎಮ್ಮೆ ಗೌಡ ಅಂತ್ರು," ಎಂದರು ನಾಯಕರು. "ನಾ ಇವ್ನ ಅಪ್ಪನ್ನ ನೋಡಿದ್ದೆ. ಅವ ಒಂದು ಗುಂಡು ಹಾಳು ಮಾಡಿದವ ಅಲ್ಲ. ಈಗ ಒಂದೇ ಮಾತು ಹೇಳು ತಮಾ. ಬಂದೂಕಿನ ತಪ್ಪೋ, ಇವ್ನ ಕಣ್ಣಿನ ತಪ್ಪೋ? ಇವ್ನ ಕಣ್ಣು ಹೋಗಿದ್ರೆ ನಾ ಬೇರೆಯವ್ನ ನೋಡಬೇಕು. ಬೆಳೆ ಕಾಯೂದಿಲ್ಲ."

ಇನಾಸ್ ಮೇಸ್ತ್ರಿಯವರ ಕಣ್ಣಿಗೆ ಆ ವೇಳೆಗೆ ಪೊರೆ ಬಂದಿತ್ತು. ನಳಿಗೆಯ ಒಳಗನ್ನು ನೋಡುವ ಕೆಲಸವೆಲ್ಲ ನನ್ನದೇ. "ನೋಡಿ ಹೇಳು," ಎಂದರು.

ನೋಡಿದೆ. ಕನ್ನಡಿಯಂತಿದ್ದ ಗೋಡೆಯ ಮೇಲೆ ಮೈಲಿ ಬೇನೆಯ ಕಲೆಗಳಂತೆ ಉದ್ದಕ್ಕೂ ಕಪ್ಪು ಗುಳಿಗಳು. ಗೆರೆಗಳ ಅಂಚು ಮೊಂಡಾಗಿತ್ತು. ನೋಡಿದ ಕ್ಷಣದಲ್ಲೇ ನನಗೆ ಹಂಡೆ ನೆನಪಾಯಿತು. ಹಂಡೆಯ ಬಿಳಿ ಪದರು, ಎರಡು ಕೊಡ, ನಾಯಕರ ನಗು. ಮೇಸ್ತ್ರಿಯವರು ಅದೇ ತಿಂಗಳು, ಬರುವ ವರ್ಷದಿಂದ ಅಂಗಡಿಯ ಮುಖ್ಯ ಕೆಲಸವನ್ನು ನನಗೇ ವಹಿಸುವೆನೆಂದು ಹೇಳಿದ್ದರು. ಇದನ್ನು ನೆಪವಾಗಿ ಬರೆಯುತ್ತಿಲ್ಲ. ಆಗ ತಲೆಯಲ್ಲಿ ಬಂದದ್ದು ಅದೇ, ಅದಕ್ಕೇ ಬರೆದಿದ್ದೇನೆ.

"ಬಂದೂಕು ಸರಿ ಇದೆ, ನಾಯ್ಕರೆ," ಎಂದೆ.

ತಿಮ್ಮ ಮೆಟ್ಟಿಲಿನಿಂದ ಎದ್ದು ಮೊದಲ ಸಲ ಒಳಗೆ ಬಂದ. ಕೈಚಾಚಿ ರೈಫಲ್ ತೆಗೆದುಕೊಂಡು, ನಾನು ಹಿಡಿದ ಹಾಗೆಯೇ ಬೆಳಕಿಗೆ ಹಿಡಿದು ನೋಡಿದ.

"ಒಳಗೆ ಕಪ್ಪು ಚುಕ್ಕೆ ಕಾಣ್ತದಲ್ಲ, ತಮಾ."

"ಅದು ಎಣ್ಣೆ."

ಅವನು ರೈಫಲ್ಲನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟ. ಬಾಗಿಲಿಗೆ ಹೋಗಿ ಸಮುದ್ರದ ಕಡೆ, ಕೂರ್ಮಗಡ ದ್ವೀಪದತ್ತ ನೋಡಿದ. ಮಳೆ ನಿಂತು ಮಚವೆ ದೋಣಿಗಳು ಆಗಷ್ಟೇ ನೀರಿಗೆ ಇಳಿದಿದ್ದವು.

"ಕೂರ್ಮಗಡದ ಈಚೆಗೆ ಹಾಯಿ ಏಳು ಅದೆ," ಎಂದ. "ಬಲಗಡೇದ್ಕೆ ತೇಪೆ ಹಾಕಿದ್ದು. ತಮಾ, ನೀ ಬಂದು ಎಣಿಸು. ಏಳು ಹೌದೋ ಅಲ್ವೋ ಹೇಳು ಸಾಕು."

"ಹಾಯಿ ಎಣಿಸೂಕೆ ಕರ್ಕಂಡು ಬಂದದ್ದಲ್ಲ ನಿನ್ನ," ಎಂದರು ನಾಯಕರು. ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು.

ನಾನು ಬಾಗಿಲಿಗೆ ಹೋಗಿ ಎಣಿಸಿದೆ. ಏಳಿದ್ದವು. ತೇಪೆ ನನ್ನ ಕಣ್ಣಿಗೆ ಕಾಣಲಿಲ್ಲ. ಅಷ್ಟು ದೂರದ ತೇಪೆ ಕಾಣುವ ಕಣ್ಣು ಅದು.

"ಬಿಸಿಲಿಗೆ ನಂಗೆ ಸರಿ ಕಾಣೂದಿಲ್ಲ," ಎಂದೆ.

ತಿಮ್ಮ ತನ್ನ ಕೈಯನ್ನು ಮುಖದ ಮುಂದೆ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡ.

ಆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಸುಭದ್ರೆ ಕೇಳಿದಳು. ಕೋಣೆಯ ಕಿಟಕಿಯಿಂದ ಅವಳಿಗೆ ಎಲ್ಲ ಕೇಳಿಸಿತ್ತು.

"ನೀರಿಂದಲೇ ಅಲಾ?"

ನಾನು ಇನ್ನಷ್ಟು ಸಾರು ಕೇಳಿದೆ. ಅವಳು ಸಾರಿನ ಪಾತ್ರೆಯನ್ನು ನನ್ನ ಕಡೆ ಸರಿಸಿದಳು. ಮುಂದಿನ ಬೇಸಿಗೆ, ಬಾವಿ ಉಪ್ಪಾದ ದಿನದಿಂದ, ಬೆಳಿಗ್ಗೆ ಅಂಗಡಿಯ ಹಿಂಬಾಗಿಲಲ್ಲಿ ಎರಡು ಕೊಡ ಸಿಹಿನೀರು ಮುಚ್ಚಿಟ್ಟಿರುತ್ತಿತ್ತು. ಗುಡ್ಡದ ಬಾವಿಗೆ ಅರ್ಧ ಮೈಲು. ಮನೆಗೆ ಎರಡು ಕೊಡ, ಅಂಗಡಿಗೆ ಎರಡು ಕೊಡ. ನಾನು ಆ ನೀರಿನಲ್ಲಿ ಬೇರೆಯವರ ಬಂದೂಕುಗಳನ್ನು ತೊಳೆಯುತ್ತಿದ್ದೆ.

ನಾಯಕರ ರೈಫಲ್ ಅವರ ಮನೆಯ ಗೋಡೆ ಸೇರಿತೆಂದು ಕೇಳಿದೆ. ಹೊಸದಾಗಿ ನೇಮಿಸಿದವನು ಮದ್ದು ತುಂಬಿ ಹಾರಿಸುವ ತನ್ನ ಹಳೆಯ ಕೇಪಿನ ಕೋವಿಯನ್ನೇ ನಂಬಿದವನು. ಹಾಗಾಗಿ ರೈಫಲ್ಲಿಗೆ ಯಾರೂ ಗುಂಡು ತುಂಬಲಿಲ್ಲ, ಅದರ ತಪ್ಪು ಯಾರಿಗೂ ಕಾಣಲಿಲ್ಲ. ಮನೆಯ ಹತ್ತಿರದ ಗದ್ದೆ ಹೊಸಬನಿಗೆ ಹೋಯಿತು.

೧೯೩೭ರ ಮಾರ್ಚಿನಲ್ಲಿ ಒಂದು ಕೆಲಸದ ಮೇಲೆ ಅಂಕೋಲೆಗೆ ಹೋಗಿದ್ದೆ. ಪೇಟೆಯಲ್ಲಿ ತರಕಾರಿ ಬುಟ್ಟಿಗಳ ಸಾಲಿನಲ್ಲಿ ತಿಮ್ಮ ಕುಳಿತಿದ್ದ. ಮೊದಲಿಗೆ ಗುರುತು ಸಿಗಲಿಲ್ಲ. ಅವನು ಕನ್ನಡಕ ಹಾಕಿದ್ದ. ದಪ್ಪ ಗಾಜಿನ, ಯಾರೋ ಮುದುಕರು ಬಿಟ್ಟ ಕನ್ನಡಕ. ಒಂದು ಕಡ್ಡಿ ಮುರಿದಲ್ಲಿ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿದ್ದ. ಅವನ ಮುಂದೆ ಹರಿವೆ ಸೊಪ್ಪಿನ ಕಟ್ಟುಗಳಿದ್ದವು. ಒಬ್ಬಳು ಹೆಂಗಸು ಆರಿಸಿ ಇಟ್ಟ ಕಟ್ಟನ್ನು ಅವನು ಕೈಯಲ್ಲಿ ತಡವಿ ಹುಡುಕುತ್ತಿದ್ದ.

"ತಿಮ್ಮಣ್ಣ," ಎಂದೆ.

"ಯಾರು? ದನಿ ಕೇಳಿದ್ದು." ಕನ್ನಡಕದ ಒಳಗಿಂದ ನೋಡಿದ. "ಓ, ಕಾರ್ವಾರದ ತಮಾ. ಸೊಪ್ಪು ಬೇಕಾ?"

"ಇದೆಂತದು ಕಣ್ಣಿಗೆ?"

"ನಾಯ್ಕರು ಕೊಟ್ರು. ಅವ್ರ ಅಪ್ಪಂದು. ಪಾಪ, ಕರುಣೆಯಿಂದ್ಲೇ ಕೊಟ್ರು. ಹಾಕ್ಕಂಡ್ರೆ ಎಲ್ಲಾ ಮಂಜು ಮಂಜು." ಅವನು ನಕ್ಕ. "ನನ್ನ ಕಣ್ಣು ಎಷ್ಟು ಹಾಳಾಗ್ಯದೆ ಅಂದ್ರೆ, ಕನ್ನಡಕಕ್ಕೂ ಬಗ್ಗೂದಿಲ್ಲ."

ಒಳ್ಳೆಯ ಕಣ್ಣಿಗೆ ಮುದುಕನ ಗಾಜು ಹಾಕಿಕೊಂಡು, ಮಂಜು ಕಂಡಷ್ಟೂ ತನ್ನ ಕಣ್ಣು ಹೋಗಿದೆಯೆಂದೇ ಅವನು ನಂಬಿದ್ದ. ಅದನ್ನು ಅವನಿಗೆ ನಂಬಿಸಿದ್ದು ನಾನು. ಅಲ್ಲೇ ನೆಲದ ಮೇಲೆ ಕುಳಿತೆ. ನೀರಿನ ವಿಷಯ, ಗುಳಿಗಳ ವಿಷಯ, ಎಣ್ಣೆ ಎಂದು ನಾನು ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದೆ. ತಲೆ ಎತ್ತದೆ ಹೇಳಿದೆ.

ತಿಮ್ಮ ದಾರ ಬಿಚ್ಚಿ ಕನ್ನಡಕ ತೆಗೆದ. ಕಣ್ಣು ಉಜ್ಜಿಕೊಂಡ. ಪೇಟೆಯ ಆ ಕೊನೆಯವರೆಗೆ ಒಮ್ಮೆ ನೋಡಿದ. ಹೊಡೆಯುತ್ತಾನೆಂದುಕೊಂಡೆ.

"ಆವತ್ತು ಹಾಯಿ ಎಷ್ಟಿತ್ತು?" ಎಂದು ಕೇಳಿದ.

"ಏಳು."

"ಏಳೇ ಅಲಾ?"

"ಏಳೇ. ತೇಪೆ ನಂಗೆ ಕಾಣ್ಲಿಲ್ಲ."

"ತೇಪೆ ಇತ್ತು," ಎಂದ ತಿಮ್ಮ.

ಕನ್ನಡಕವನ್ನು ಸೊಪ್ಪಿನ ಕಟ್ಟುಗಳ ಬದಿಗೆ ಇಟ್ಟ. ಮತ್ತೆ, "ನಂಗೆ ಹೇಳಿದ್ರೆ ಗದ್ದೆ ಬರೂದಿಲ್ಲ. ನಾಯ್ಕರ ಮುಂದೆ ಹೇಳ್ತೆಯಾ?" ಎಂದ.

"ನಾಳೆ ಬತ್ತೆ," ಎಂದೆ. ಆ ಮಾತು ಆಡುವಾಗ ಬರುವ ಮನಸ್ಸು ಇತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಮುಂದಿನ ಬಸ್ಸಿಗೇ ಹತ್ತಿದೆ, ಅವನು ಕುಳಿತಿದ್ದ ಕಡೆಗೆ ಕಾಣದ ಬದಿಯಲ್ಲಿ ಕುಳಿತೆ.

ಮನೆಗೆ ಬಂದು ಸುಭದ್ರೆಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ನಾಯ್ಕರಿಗೆ?" ಎಂದಳು. "ನಾಳೆ," ಎಂದೆ. ಮರುದಿನ ಬೆಳಿಗ್ಗೆ ಅವಳು ಹೊರಗೆ ಹೋಗುವ ಸೀರೆ ಉಟ್ಟು, ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನೀನ್ಯಾಕೆ?"

"ನೀವು ಅಮದಳ್ಳೀಲಿ ಇಳ್ದು, ನನ್ನ ಅಪ್ಪನ ಮನೇಲಿ ಮೀನು ಊಟ ಉಂಡು, ಹೇಳಿ ಬಂದೆ ಅಂತ ವಾಪಸ್ ಬರೂದು ಬೇಡ ಅಂತ."

ಬಸ್ಸು ಅರ್ಗಾ ದಾಟಿ ಅಮದಳ್ಳಿಯಲ್ಲಿ ನಿಂತಾಗ ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

ನಾಯಕರು ಜಗಲಿಯಲ್ಲಿದ್ದರು. ತಿಮ್ಮನನ್ನು ಕರೆಸಿದರು. ಅವನು ಅಂಗಳದ ಅಂಚಿನಲ್ಲಿ ನಿಂತ, ಕನ್ನಡಕ ಇರಲಿಲ್ಲ. ಗೋಡೆಯಿಂದ ರೈಫಲ್ ಇಳಿಸಿ ತಂದರು. ನಾನು ಬೋಲ್ಟು ತೆಗೆದು ನಳಿಗೆಯನ್ನು ಬೆಳಕಿಗೆ ಹಿಡಿದು, ಗುಳಿಗಳು ಎಲ್ಲಿ ನೋಡಬೇಕೆಂದು ತೋರಿಸಿದೆ. "ತಪ್ಪು ಬಂದೂಕಿನದು. ಆವತ್ತೇ ನಂಗೆ ಗೊತ್ತಿತ್ತು," ಎಂದೆ. ಇಷ್ಟು ಹೇಳಿದ್ದು ನಾನೇ. ಇದರ ನಂತರದ್ದೇ ನಾನು ಬರೆಯಬೇಕಾದ್ದು.

ನಾಯಕರು ಬಹಳ ಹೊತ್ತು ನೋಡಿದರು. ರೈಫಲ್ಲನ್ನು ಜಗಲಿಯ ಮೇಲೆ ಇಟ್ಟು ನನ್ನ ಕಡೆ ತಿರುಗಿದರು.

"ಎರಡು ವರ್ಷ ಆಗ್ತಾ ಬಂತು. ಒಬ್ಬ ಮನುಷ್ಯನ ಕಣ್ಣು ಕಿತ್ತು ಕೈಗೆ ಕೊಟ್ಯಲ್ಲೋ. ನನ್ನ ಬಾಯಿಂದ ಅವ್ನ ಗದ್ದೆ ಬಿಡಿಸ್ದೆ. ನಾಳೆ ಕಲೆಕ್ಟರ್ ಸಾಹೇಬ್ರಿಗೆ ಬರೀತೆ. ನಿಮ್ಮ ಅಂಗಡಿ ಲೈಸೆನ್ಸು ಅದೆಯಲ್ಲ, ಅದು ಎಷ್ಟು ದಿನ ಉಳೀತದೆ ನೋಡ್ತೆ. ಯಾವ ನೀರು ಹಾಕಿದ್ಯೋ ಅದ್ಕೆ? ಹೇಳು."

ನಾನು ಬಾಯಿ ತೆರೆದೆ.

"ನೀರು ನಾ ಕೊಟ್ಟದ್ದು, ಒಡೆಯ," ಎಂದಳು ಸುಭದ್ರೆ. ಅವಳು ಜಗಲಿಯ ಕಂಬದ ಪಕ್ಕ ಕೊಡೆ ಮಡಚಿ ನಿಂತಿದ್ದಳು. "ಇವ್ರು ಸಿಹಿನೀರು ಕೇಳಿದ್ರು. ಅಷ್ಟು ದೂರದಿಂದ ಹೊತ್ತು ತಂದದ್ದು, ಬಂದೂಕು ತೊಳೂಕೆ ಯಾಕೆ ಹಾಳು ಮಾಡೂದು ಅಂತ ನಾ ಬಾವಿ ನೀರು ಸೇದಿ ಇಟ್ಟೆ. ಇವ್ರಿಗೆ ಗೊತ್ತಿರ್ಲಿಲ್ಲ."

ನಾಯಕರು ಅವಳನ್ನು ನೋಡಿದರು. ಆ ದಿನ ನನ್ನ ಅಂಗಳದಲ್ಲಿ ನಡೆದ ಮಾತಿಗೆ ತಾವೇ ನಕ್ಕದ್ದು ಅವರಿಗೆ ನೆನಪಿರಲಿಲ್ಲ. ಮುಖದ ಬಿಗಿ ಸಡಿಲವಾಯಿತು. ಮತ್ತೆ ಅದೇ ನಗು ನಕ್ಕರು.

"ಹೆಂಗಸ್ರ ಉಳಿತಾಯ," ಎಂದರು. "ಒಂದು ಕೊಡ ನೀರು ಉಳಿಸೂಕೆ ಹೋಗಿ ರೈಫಲ್ ತಿಂದು ಹಾಕಿದ್ಯಲ್ಲೇ, ಮಗಾ. ಅದ್ಕೆ ಇವ ಎರಡು ವರ್ಷ ಹೆಂಡ್ತಿ ಮಾನ ಮುಚ್ಕಂಡು ಕೂತ. ಹೋಗ್ಲಿ ಬಿಡು."

ಆಗ ನಾನು ಹೇಳಬೇಕಿತ್ತು. ಒಂದು ವಾಕ್ಯದ ಕೆಲಸ. ಬಾಯಿಯೂ ತೆರೆದೇ ಇತ್ತು. ಮುಚ್ಚಿದೆ. ಮುಚ್ಚಿದಾಗ ಎದೆ ಹಗುರಾಯಿತು ಎಂಬುದನ್ನೂ ಬರೆದಿಡಬೇಕು.

ಕಾಗದ ಬರೆಯುವ ಮಾತು ಅಲ್ಲಿಗೆ ನಿಂತಿತು. ಹೊಸಬನನ್ನು ಬಿಡಿಸಲು ನಾಯಕರು ಒಪ್ಪಲಿಲ್ಲ, ಅವನು ಆಗಲೇ ಬೇಸಾಯ ಹೂಡಿದ್ದ. ತಿಮ್ಮನಿಗೆ ಹೊಳೆಯ ಬದಿಯ ಇನ್ನೊಂದು ಗದ್ದೆ ಕೊಟ್ಟರು. ಸಮುದ್ರದ ಭರತ ಏರಿದಾಗ ಉಪ್ಪು ನುಗ್ಗುವ ಗದ್ದೆ, ಅದರಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಮಾತ್ರ ಬರುತ್ತದೆ. ಅವನ ಹೆಸರು ಮಾತ್ರ ಅವನಿಗೆ ಪೂರ್ತಿ ಮರಳಿತು. ನಾಯಕರು ಅಂಗಳದಲ್ಲಿ ನಿಂತು ಆಳುಕಾಳುಗಳೆಲ್ಲ ಕೇಳುವಂತೆ, "ತಿಮ್ಮನ ಕಣ್ಣು ಸರಿ ಇತ್ತು," ಎಂದರು.

ನಾವು ಹೊರಟಾಗ ತಿಮ್ಮ ಗದ್ದೆಯಂಚಿನವರೆಗೆ ಬಂದ. ನನ್ನ ಜೊತೆ ಮಾತಾಡಲಿಲ್ಲ. ಸುಭದ್ರೆಯ ಕೈಗಳನ್ನು ನೋಡಿದ. ತಲೆಯ ಮೇಲೆ ಸಿಂಬಿ ಇಟ್ಟು ಇಟ್ಟು ಬೈತಲೆಯ ಕೂದಲು ಸವೆದದ್ದನ್ನು ನೋಡಿದ.

"ಅಕ್ಕಾ," ಎಂದ, "ನೀ ನೀರು ಹೊರೂ ಹೆಂಗ್ಸು. ಯಾವ್ದು ಉಪ್ಪು ಯಾವ್ದು ಸಿಹಿ ಅಂತ ನಿಂಗೆ ಗೊತ್ತಿಲ್ದೇ ಹೋಯ್ತಾ?"

ಅವಳು, "ಬಿಸಿಲಾಯ್ತು, ಬಸ್ಸು ತಪ್ತದೆ," ಎಂದಳು.

ಬಸ್ಸಿನಲ್ಲಿ ನಾನು ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು. ಅವಳು ಹೊರಗೆ ನೋಡುತ್ತಲೇ ಉತ್ತರ ಕೊಟ್ಟಳು. "ಹೆಂಗಸ್ರ ತಪ್ಪಾದ್ರೆ ನಗ್ತ್ರು. ಗಂಡಸ್ರ ತಪ್ಪಾದ್ರೆ ಕಾಗದ ಬರೀತ್ರು. ಮೇಸ್ತ್ರಿ ಈ ವಯಸ್ಸಿಗೆ ಎಲ್ಲಿಗೆ ಹೋಗ್ತ್ರು?" ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ನೀವು ನಮ್ಮ ಮನೆಯವ್ರಿಗೆ ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಸಾಕು," ಎಂದಳು.

ಮನೆಯವರಿಗೂ ಹೇಳಲಿಲ್ಲ. ಇನಾಸ್ ಮೇಸ್ತ್ರಿಯವರಿಗೂ ಅವಳ ಮಾತನ್ನೇ ಒಪ್ಪಿಸಿದೆ. ಅವರು ನಂಬಿದರೋ ಇಲ್ಲವೋ, ಮುಖ್ಯ ಕೆಲಸ ನನಗೇ ಬಂತು. ಕತೆ ಊರಲ್ಲಿ ಹರಡಿತು. ಅಂಗಡಿಗೆ ಬಂದವರು, "ಇವತ್ತು ಯಾವ ನೀರು, ಅಕ್ಕನನ್ನ ಕೇಳಿದ್ರ್ಯಾ?" ಎಂದು ತಮಾಷೆ ಮಾಡುತ್ತಿದ್ದರು. ಅವರು ನಗುವಾಗ ನಾನೂ ನಗುತ್ತಿದ್ದೆ. ಅವಳು ಒಳಗಿಂದ ಚಹಾ ಕೊಟ್ಟು ಹೋಗುತ್ತಿದ್ದಳು. ಪ್ರತಿ ಬೇಸಿಗೆಯೂ ಹಿಂಬಾಗಿಲಲ್ಲಿ ಎರಡು ಕೊಡ ಇದ್ದೇ ಇರುತ್ತಿದ್ದವು, ನಾನು ಕೆಲಸ ಬಿಡುವ ವರ್ಷದವರೆಗೆ. ಒಮ್ಮೆಯೂ ತಪ್ಪಲಿಲ್ಲ. ಮೈಗೆ ಹುಷಾರಿಲ್ಲದ ದಿನ ಪಕ್ಕದ ಮನೆಯವರಿಂದ ತರಿಸಿಡುತ್ತಿದ್ದಳು.

ಅವಳ ಹದಿಮೂರನೆಯ ದಿನದ ಊಟದಲ್ಲಿ, ಪಂಕ್ತಿಯ ಆ ಬದಿಯಲ್ಲಿ ಕುಳಿತ ಒಬ್ಬ ಸಂಬಂಧಿ ಆ ಕತೆ ತೆಗೆದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದುಃಖದ ಮನೆಯಲ್ಲಿ ಅವಳ ನೆನಪು ಹಗುರಾಗಲೆಂದು ಹೇಳಿದ. "ಅತ್ತೆ ಒಂದ್ಸಲ ಉಪ್ಪುನೀರು ಕೊಟ್ಟು ನಾಯ್ಕರ ರೈಫಲ್ಲೇ ಹಾಳು ಮಾಡ್ಬಿಟ್ಟಿದ್ಲಂತೆ." ಎಲ್ಲರೂ ಪ್ರೀತಿಯಿಂದಲೇ ನಕ್ಕರು. ನಾನು ಎಲೆಯ ಕಡೆ ತಲೆ ಬಗ್ಗಿಸಿ ಅನ್ನ ಕಲಸಿದೆ.

ಈ ಕಸುಬು ನನಗೆ ಕಲಿಸಿದ ಪಾಠ ಇಷ್ಟೇ: ನಳಿಗೆಯಲ್ಲಿ ಉಳಿದುಹೋದದ್ದರ ಮೇಲೆ ಎಣ್ಣೆ ಹಚ್ಚಬಾರದು. ತೊಳೆದ ಮೇಲೆ ಮೂರು ದಿನ ಇಟ್ಟುಕೊಂಡು ದಿನವೂ ಒಳಗೆ ನೋಡಬೇಕು. ಕಂಡದ್ದನ್ನು ಕೇಳಿದವರಿಗೆ ಅಂದೇ ಹೇಳಬೇಕು. ಮೇಸ್ತ್ರಿಯವರು ಇದನ್ನು ಮೊದಲೇ ಹೇಳಿದ್ದರು, ನಾನು ತಡವಾಗಿ ಕಲಿತೆ.

ಆದ್ದರಿಂದ ಈಗ ಬರೆಯುತ್ತೇನೆ. ೧೯೩೫ರ ಮೇ ತಿಂಗಳ ಆ ಬೆಳಿಗ್ಗೆ ನಮ್ಮ ಮನೆಯಲ್ಲಿ ಗುಡ್ಡದ ಬಾವಿಯ ಸಿಹಿನೀರು ಎರಡು ಕೊಡ ಇತ್ತು. ನನ್ನ ಹೆಂಡತಿ ಸುಭದ್ರೆ ಅದನ್ನು ತೆಗೆದುಕೊಳ್ಳಿ ಎಂದು ಎರಡು ಸಲ ಹೇಳಿದಳು. ಬೇಡ ಎಂದವನು ನಾನು.